ಕೊಟ್ಟೂರಿನ ಗ್ಯಾರೇಜಿನಲ್ಲಿ ಬೆಲ್ಟು, ಚೈನು

ಕೊಟ್ಟೂರೇಶ್ವರನ ತೇರು ಮುಗಿದು ವಾರವಾಗಿದೆ. ಕೂಡ್ಲಿಗಿ ರಸ್ತೆಯಂಚಿನ ತಗಡಿನ ಗ್ಯಾರೇಜಿನ ಮುಂದೆ ಹಳೆಯ ಇನ್ನೋವಾ ಬಾನೆಟ್ ತೆರೆದು ನಿಂತಿದೆ. ಗಾಜಿನ ಮೇಲೆ ವಿಭೂತಿ ಪಟ್ಟೆ, ಮಡ್‌ಗಾರ್ಡಿನೊಳಗೆ ಕೆಮ್ಮಣ್ಣು, ಸೀಟಿನಡಿ ಚೆಲ್ಲಿದ ಮಂಡಕ್ಕಿ. ಜಾತ್ರೆಯುದ್ದಕ್ಕೂ ದಾವಣಗೆರೆ, ಹರಪನಹಳ್ಳಿ, ಹಡಗಲಿ ಅಂತ ಜನರನ್ನು ಹೊತ್ತು ತಿರುಗಿದ ಗಾಡಿ. ಡ್ಯಾಶ್‌ಬೋರ್ಡಿನಲ್ಲಿ ‘ಟಿ-ಬೆಲ್ಟ್’ ದೀಪ ಹೊತ್ತಿದೆ.

“ಗಾಡಿ ಚಲೋ ಓಡ್ತೈತಲ್ರಿ ಮೇಸ್ತ್ರಿ, ಮುಂದಿನ ತಿಂಗಳು ನೋಡಾನೇನ್ರಿ?”

“ಹರಿಯಾತನಕ ಚಲೋನೇ ಓಡ್ತೈತಿ ತಮ್ಮಾ. ಹರಿದ್ರೆ ಹೆಡ್ ಇಳಿಸಬೇಕಾಗ್ತೈತಿ.”

ಮೇಸ್ತ್ರಿ ಕವರ್ ಬಿಚ್ಚುತ್ತಾರೆ. ಒಳಗೆ ಹಲ್ಲುಹಲ್ಲಿನ ಕರಿ ರಬ್ಬರ್ ಪಟ್ಟಿ, ಅದೇ ಟೈಮಿಂಗ್ ಬೆಲ್ಟು. ಅಂಚಿನಲ್ಲಿ ನೂಲು ಎದ್ದಿದೆ. ಕ್ರ್ಯಾಂಕು ಎರಡು ಸುತ್ತು ಸುತ್ತಿದಾಗ ಕ್ಯಾಮು ಒಂದೇ ಸುತ್ತು ಸುತ್ತಬೇಕು. ಆ ಲೆಕ್ಕ ಕಾಯುವುದು ಈ ಪಟ್ಟಿ. ಪಿಸ್ಟನ್ ಮೇಲೇರುವ ಜಾಗಕ್ಕೇ ವಾಲ್ವ್ ಕೆಳಗಿಳಿಯುತ್ತದೆ, ಬೇರೆ ಗಳಿಗೆಯಲ್ಲಿ. ಪಟ್ಟಿ ಹರಿದರೆ ಎರಡೂ ಡಿಕ್ಕಿ ಹೊಡೆದು ವಾಲ್ವ್ ಬಾಗುತ್ತದೆ, ರಾಕರ್ ಮುರಿಯುತ್ತದೆ. ಒಂದು ದಿನದ ಕೆಲಸ ವಾರಗಟ್ಟಲೆ ಹಿಡಿಯುತ್ತದೆ. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ಬಿಡದಿಯಲ್ಲಿ ತಯಾರಾದ ಕ್ವಾಲಿಸ್‌ಗೆ ಬೆಲ್ಟೇ ಇತ್ತು, 2005ರಲ್ಲಿ ಬಂದ ಇನ್ನೋವಾ ಡೀಸೆಲ್‌ಗೂ ಬೆಲ್ಟು. 2016ರ ಕ್ರಿಸ್ಟಾ ಡೀಸೆಲ್‌ಗೆ ಬೆಲ್ಟಿನ ಬದಲು ಚೈನು ಬಂತು. ಆಗಿನಿಂದ ‘ಚೈನಿನ ಗಾಡಿಗೆ ಖರ್ಚೇ ಇಲ್ಲ’ ಎಂಬ ಮಾತು ಕೇಳುತ್ತಲೇ ಇದ್ದೇನೆ. ಆ ಮಾತು ನಂಬಿ ಕೈ ಸುಟ್ಟುಕೊಂಡವರನ್ನು ಕಂಡಾಗ ಸಂಕಟವಾಗುತ್ತದೆ.

ಪಕ್ಕದಲ್ಲೇ ನಿಂತಿರುವ ಡೀಸೆಲ್ ಡಿಸೈರ್ ನೋಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಬದಿಯಿಂದ ಕರಕರ ಸದ್ದು, ಕಾದ ಮೇಲೆ ಮಾಯ. ಅದು ಚೈನಿನ ಸದ್ದು. ಚೈನು ಬದುಕುವುದು ಎಂಜಿನ್ ಆಯಿಲಿನಲ್ಲಿ. ಅದನ್ನು ಬಿಗಿಹಿಡಿಯುವ ಟೆನ್ಷನರಿಗೂ ಆಯಿಲಿನ ಒತ್ತಡವೇ ಬಲ. ಆಯಿಲ್ ಹಳತಾಗಿ ಗಸಿಗಟ್ಟಿದರೆ ಕೊಂಡಿಗಳ ಪಿನ್ನು ಸವೆದು ಚೈನು ಉದ್ದವಾಗುತ್ತದೆ. ಅದನ್ನು ಬದಲಿಸಲು ಮುಂದಿನ ಕವರೆಲ್ಲ ಕಳಚಬೇಕು. ಗೈಡು, ಸ್ಪ್ರಾಕೆಟ್ಟು ಸೇರಿದರೆ ಬೆಲ್ಟಿನ ಖರ್ಚನ್ನು ಮೀರುತ್ತದೆ.

ಈ ಸೀಮೆಯ ಬಾಡಿಗೆ ಗಾಡಿಗಳಿಗೆ ಇನ್ನೊಂದು ಕಷ್ಟವಿದೆ. ಏಪ್ರಿಲ್ ಬಿಸಿಲಲ್ಲಿ ಕಲ್ಯಾಣ ಮಂಟಪದೆದುರು ಎ.ಸಿ. ಹಾಕಿಕೊಂಡು ತಾಸುಗಟ್ಟಲೆ ನಿಲ್ಲುತ್ತವೆ. ಕಿಲೋಮೀಟರ್ ಏರುವುದಿಲ್ಲ, ಆಯಿಲ್ ಮಾತ್ರ ಸಾಯುತ್ತಿರುತ್ತದೆ. ಮೀಟರನ್ನಷ್ಟೇ ನಂಬಿ ಆಯಿಲ್ ಬದಲಿಸುವವರು ತಡಮಾಡಿದಂತೆಯೇ. ಬೆಲ್ಟಿಗೂ ಅಷ್ಟೆ, ಕಡಿಮೆ ಓಡಿದ ಗಾಡಿಯಲ್ಲೂ ರಬ್ಬರಿಗೆ ವಯಸ್ಸಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟೈರು ಒದ್ದು, ಸೀಟ್ ಕವರ್ ಮುಟ್ಟಿ ನೋಡುತ್ತಾರೆ. ಬೆಲ್ಟಿನ ಬಿಲ್ ಕೇಳುವವರು ವಿರಳ. ‘ಟಿ-ಬೆಲ್ಟ್’ ದೀಪವನ್ನು ಬೆಲ್ಟು ಬದಲಿಸದೆಯೂ ಆರಿಸಬಹುದು! ಬಿಲ್ ಇಲ್ಲದಿದ್ದರೆ ಹೊಸ ಬೆಲ್ಟಿನ ಹಣವನ್ನು ಗಾಡಿಯ ಬೆಲೆಯಲ್ಲೇ ಮುರಿದುಕೊಳ್ಳಬೇಕು. ಚೈನಿನ ಗಾಡಿಯಾದರೆ ಆಯಿಲ್ ಬಿಲ್ಲುಗಳನ್ನು ಸಾಲಾಗಿ ಕೇಳಬೇಕು, ತಣ್ಣಗಿರುವ ಎಂಜಿನ್ನನ್ನು ಎದುರಿಗೇ ಸ್ಟಾರ್ಟ್ ಮಾಡಿಸಬೇಕು.

“ಬೆಲ್ಟ್ ಒಂದೇ ಹಾಕಿದ್ರ ಸಾಲದೇನ್ರಿ?” ಇನ್ನೋವಾದ ಡ್ರೈವರ್ ಕೇಳುತ್ತಾನೆ.

“ಟೆನ್ಷನರ್, ಐಡ್ಲರಿನ ಹಳೇ ಬೇರಿಂಗ್ ಜಾಮ್ ಆದ್ರ ಹೊಸಾ ಬೆಲ್ಟೂ ಹೋಗ್ತೈತಪ್ಪ.”

ಡ್ರೈವರ್ ತುಸು ಹೊತ್ತು ಲೆಕ್ಕ ಹಾಕಿ, ದಾವಣಗೆರೆಯ ಸ್ಪೇರ್ ಅಂಗಡಿಗೆ ಫೋನ್ ಹಚ್ಚುತ್ತಾನೆ. “ಟೆನ್ಷನರ್, ಐಡ್ಲರ್ ಸೇರಿಸೇ ಸಂಜೆ ಬಸ್ಸಿಗೆ ಹಾಕ್ರಿ. ಬಿಲ್ ಮಾತ್ರ ಮರೀಬ್ಯಾಡ್ರಿ.”