ಒಪ್ಪಂದ ಮೀಟರಿನಲ್ಲಿ, ದರ ಅಡಿಯಲ್ಲಿ

ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಮಾನಿಟರ್ ಕೇಳುವುದು ಇಂಚಿನಲ್ಲಿ. ಡಬ್ಬದ ಮೇಲಿರುವುದು ಸೆಂಟಿಮೀಟರ್. 2.54ರಿಂದ ಭಾಗಿಸಿದರೆ ಆಯಿತು: 60.96 ಸೆಂ.ಮೀ. ಎಂದರೆ 24 ಇಂಚು. ಇಲ್ಲಿ ಲೆಕ್ಕ ತಪ್ಪಿದರೂ ನಷ್ಟ ದೊಡ್ಡದಲ್ಲ.

ಮನೆ ಕೊಳ್ಳುವಾಗ ಹಾಗಲ್ಲ. ಮುಂಬೈಯಲ್ಲಿ ಏಜೆಂಟರು ದರ ಹೇಳುವುದು ಚದರ ಅಡಿಗೆ. ರೇರಾ ನೋಂದಣಿಯಲ್ಲೂ ಮಾರಾಟ ಒಪ್ಪಂದದಲ್ಲೂ ಕಾರ್ಪೆಟ್ ಏರಿಯಾ ಇರುವುದು ಚದರ ಮೀಟರಿನಲ್ಲಿ. 1 ಮೀಟರಿಗೆ 3.28 ಅಡಿ ಎಂಬುದು ಎಲ್ಲರಿಗೂ ಗೊತ್ತು. ವಿಸ್ತೀರ್ಣಕ್ಕೆ ಅದು ಸಾಲದು, ಅದರ ವರ್ಗ ಬೇಕು: 1 ಚದರ ಮೀಟರಿಗೆ 10.764 ಚದರ ಅಡಿ.

ಒಪ್ಪಂದದಲ್ಲಿ 40 ಚದರ ಮೀಟರ್ ಇದ್ದರೆ ಮನೆ 430.56 ಚದರ ಅಡಿ. ಬಾಯಿಮಾತಿನಲ್ಲಿ ‘450’ ಎಂದಿದ್ದರೆ 19.44 ಚದರ ಅಡಿ ಬರೀ ಗಾಳಿ. ಚದರ ಅಡಿಗೆ 50,000 ರೂಪಾಯಿ ಎಂದಿಟ್ಟುಕೊಳ್ಳಿ, ಆ ಗಾಳಿಯ ಬೆಲೆ 9.72 ಲಕ್ಷ!

ಬೆಂಗಳೂರಿನ ‘ಥರ್ಟಿ ಫಾರ್ಟಿ’ ಸೈಟಿಗೂ ಇದೇ ಮಾತು. 30×40 ಅಡಿ ಎಂದರೆ 1,200 ಚದರ ಅಡಿ. ಪತ್ರದಲ್ಲಿ 9×12 ಮೀಟರ್ ಎಂದಿದ್ದರೆ ಸುಮಾರು 1,162 ಮಾತ್ರ.

ಟೋಕನ್ ಹಣ ಕೊಡುವ ಮುನ್ನ ಪತ್ರದ ಅಂಕಿಯನ್ನು ನೀವೇ 10.764ರಿಂದ ಗುಣಿಸಿ ನೋಡಿ. ಚೌಕಾಸಿ ಆಮೇಲೆ.