ನಿಮಗಿದು ಗೊತ್ತೆ? ಹಳೇ ಹಾಡಿಗೆ ಯಂತ್ರದ ಗದ್ದಲ

ಹೆಸರು ತಂದುಕೊಟ್ಟ ಹಾಡನ್ನೇ 14 ವರ್ಷಗಳ ಬಳಿಕ ಕಾರ್ಖಾನೆಯ ಸದ್ದಿನಂಥ ಸಂಗೀತಕ್ಕೆ ಒಗ್ಗಿಸಿ ಮತ್ತೆ ಹಾಡಿದ ಹಾರ್ಡ್ ರಾಕ್ ತಂಡವಿದೆ! ಅದು ಲಾಸ್ ಏಂಜಲೀಸ್‌ನ ಮೋಟ್ಲಿ ಕ್ರೂ. ಗಾಯಕ ವಿನ್ಸ್ ನೀಲ್ 1992ರಲ್ಲಿ ತಂಡದಿಂದ ಬೇರೆಯಾಗಿದ್ದರು. ಅವರು ಮರಳಿದ ಮೇಲೆ, 1997ರಲ್ಲಿ ಬಂದ ಆಲ್ಬಮ್ ‘ಜನರೇಷನ್ ಸ್ವೈನ್’. 1983ರ ‘ಶೌಟ್ ಅಟ್ ದ ಡೆವಿಲ್’ ಹಾಡು ಅದರಲ್ಲಿ ಹೊಸ ವೇಷ ತೊಟ್ಟಿತು. ಹೆಸರಿಗೂ ‘97’ ಅಂಟಿಕೊಂಡಿತು.

ನೈನ್ ಇಂಚ್ ನೇಲ್ಸ್‌ನಂಥ ತಂಡಗಳಿಂದ ಕಾರ್ಖಾನೆ ಸದ್ದಿನ ಈ ಸಂಗೀತ, ಅಂದರೆ ಇಂಡಸ್ಟ್ರಿಯಲ್ ರಾಕ್, ಆಗ ಮನೆಮಾತಾಗಿತ್ತು. ಒರಟು ಗಿಟಾರ್, ಎಲೆಕ್ಟ್ರಾನಿಕ್ ತಾಳ, ಬೇಕೆಂದೇ ಕರ್ಕಶಗೊಳಿಸಿದ ದನಿ ಇದರ ಗುರುತು. ಮೂಲ ಹಾಡಿನ ಕಿಚ್ಚು ಹೊಸದಕ್ಕಿಲ್ಲ, ನಿಜ. ಆದರೆ ಗೆದ್ದ ಹಾಡನ್ನೇ ಒಡೆದು ಕಟ್ಟಿದ ಧೈರ್ಯ ಮೆಚ್ಚಲೇಬೇಕು. ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಗೆ 4ನೇ ಸ್ಥಾನದಲ್ಲೇ ಕಾಲಿಟ್ಟಿತು.