ಬಾವಿಯ ಬಾಯಿಗೆ ಬಲೆ

"ಅಣ್ಣಾ, ನಿಮ್ಮೂರ್ ಬಾವೀಲಿ ಪಾರ್ವಾಳ ಅವ್ವಾ?"

ಮಾಗಡಿ ಕಡೆಯ ತೋಟದ ಮನೆಯೊಂದರ ಆಳುಹುಡುಗ ಹೀಗೆ ಕೇಳಿದಾಗ ಸಾರಿಗೆ ಬೇಕೇನೋ ಅಂದುಕೊಂಡೆ. ಅಲ್ಲವಂತೆ. ಬೆಂಗಳೂರಿನ ಯಜಮಾನರು ಪಾಯಿಂಟರ್ ನಾಯಿ ತಂದಿದ್ದಾರೆ. ಪೊದೆಯಲ್ಲಿ ಅಡಗಿದ ಹಕ್ಕಿಯ ವಾಸನೆ ಹಿಡಿದು, ಮುಂಗಾಲೆತ್ತಿ, ಕಲ್ಲಾಗಿ ನಿಲ್ಲುವುದನ್ನು ಅದಕ್ಕೆ ಪಳಗಿಸಬೇಕು. ಪಳಗಿಸಲು ಜೀವಂತ ಪಾರಿವಾಳ ಬೇಕು.

ಬಾವಿಯ ಪಾರಿವಾಳ ಹಿಡಿಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ರಾಮದೇವರ ಬೆಟ್ಟ, ಸಾವನದುರ್ಗದಂಥ ಬಂಡೆಗಳ ಸಂದಿಯಲ್ಲಿ ಗೂಡು ಮಾಡುವ ಹಕ್ಕಿಗೆ ಕಲ್ಲು ಕಟ್ಟಿದ ತೆರೆದ ಬಾವಿಯೆಂದರೆ ತಲೆಕೆಳಗಾದ ಬೆಟ್ಟ. ಸಂಜೆ ಹೊಲದಿಂದ ಮರಳಿ, ಒಂದೊಂದೇ ಒಳಗಿಳಿದು, ಕಲ್ಲಿನ ಪೊಟರೆ ಸೇರುತ್ತವೆ. ಕತ್ತಲಾದ ಮೇಲೆ ನಾಲ್ವರು ಸದ್ದಿಲ್ಲದೆ ಬಲೆಯನ್ನು ಬಾವಿಯ ಬಾಯಿಗೆ ಹರಡಿ ಅಂಚಿಗೆ ಕಲ್ಲು ಹೇರುತ್ತಾರೆ. ಒಬ್ಬ ಒಳಕ್ಕೆ ಒಂದು ಹೆಂಟೆ ಎಸೆದರೆ ಸಾಕು, ಇಡೀ ಬಾವಿ ರೆಕ್ಕೆ ಬಡಿಯುತ್ತದೆ. ಮೇಲೆದ್ದ ಹಕ್ಕಿ ಬಲೆಗೆ ತಲೆ ಕೊಡುತ್ತದೆ. ಗಟ್ಟಿಯಾಗಿ ಹಿಡಿದರೆ ಬಾಲದ ಗರಿ ಹಿಡಿಯಷ್ಟು ಕಿತ್ತು ಕೈಗೆ ಬರುತ್ತದೆ. ಅಂಗೈಯೊಳಗೆ ಅದರ ಎದೆ ಹೊಡೆದುಕೊಳ್ಳುವುದನ್ನು ನಾನು ಹುಡುಗನಾಗಿದ್ದಾಗಿನಿಂದ ಬಲ್ಲೆ. ಈಗಲೂ ಮರೆತಿಲ್ಲ.

ನಾಯಿ, ಪಾರಿವಾಳ ಎರಡರ ನಂಟೂ ಕನ್ನಡ ನಾಡಿನಲ್ಲಿ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಪಾರಾವತವೂ (ಪಾರಿವಾಳ) ಇದೆ, ಸಾರಮೇಯವೂ (ನಾಯಿ) ಇದೆ. ಆದರೆ ಎರಡೂ ಬೇರೆ ಬೇರೆ ವಿನೋದಗಳು. ನಮ್ಮ ಮುಧೋಳ ನಾಯಿ ಕಣ್ಣಿಟ್ಟು ಓಡಿ ಹಿಡಿಯುವ ತಳಿ. ಮೂಗಿನಿಂದ ಹಕ್ಕಿ ಹುಡುಕಿ ನಿಲ್ಲುವ ಪಾಯಿಂಟರ್, ಸೆಟರ್‌ಗಳು ಯುರೋಪಿನಿಂದ ಬಂದವು. ನಾಯಿ ಹುಡುಕಲೆಂದು ಪಾರಿವಾಳದ ತಲೆಯನ್ನು ರೆಕ್ಕೆಯಡಿ ತುರುಕಿ, ತಲೆ ಸುತ್ತಿಸಿ ಹುಲ್ಲಿನಲ್ಲಿ ಮಲಗಿಸುವ ಪಾಠವೂ ಹೊರದೇಶದ್ದೇ.

ನನ್ನನ್ನು ತಡೆಯುವುದು ಇದು. ಪಾರಿವಾಳ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ, ಸುಮಾರು 18 ದಿನ ಕಾವು. ಮರಿಗೆ ಮೊದಲ ದಿನಗಳಲ್ಲಿ ಕಾಳು ಸಲ್ಲದು. ತಂದೆ ತಾಯಿ ಇಬ್ಬರ ಅನ್ನಚೀಲದಲ್ಲೂ ಒಸರುವ 'ಹಾಲೇ' ಆಹಾರ. ನಮ್ಮಲ್ಲಿ ಇವು ವರ್ಷದ ಬಹುಪಾಲು ಮರಿ ಮಾಡುತ್ತವೆ. ಎಂದು ಬಲೆ ಹಾಕಿದರೂ ಪೊಟರೆಯೊಳಗೆ ಯಾವುದೋ ಜೋಡಿಯ ಮರಿ ಬಾಯ್ದೆರೆದು ಕಾಯುತ್ತಿರುತ್ತದೆ. ಅದು ಹಸಿದು ಸಾಯುವುದು ಮೇಲೆ ನಿಂತವರಿಗೆ ಕಾಣುವುದಿಲ್ಲ.

ಇಷ್ಟಕ್ಕೂ ಪಳಗಿದ ನಾಯಿ ಹುಡುಕಬೇಕಾದದ್ದು ಏನನ್ನು? ಕೌಜುಗ, ಲಾವಕ್ಕಿಗಳನ್ನೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಳಿದಿದ್ದ ಲೈಸೆನ್ಸ್ ಬೇಟೆಯನ್ನೂ 1991ರ ತಿದ್ದುಪಡಿ ತೆಗೆದುಹಾಕಿತು. ಮನರಂಜನೆಗಾಗಿ ಒಂದು ಜೀವವನ್ನು ಇನ್ನೊಂದಕ್ಕೆ ಬೇಟೆಯಾಗುವಂತೆ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ನಾಯಿಯದೇನೂ ತಪ್ಪಿಲ್ಲ. ಅದರ ಮೂಗಿಗೆ ಕೆಲಸ ಬೇಕು, ಕೊಡಲೇಬೇಕು. ಪಾರಿವಾಳ ಸಾಕುವವರ ಗೂಡಿನಡಿ ಉದುರಿದ ಗರಿಗಳನ್ನು ದಾರಕ್ಕೆ ಕಟ್ಟಿ ಕೋಲಿನ ತುದಿಯಲ್ಲಿ ಆಡಿಸಿ; ಪಾಯಿಂಟರ್ ಮರಿ ಎರಡು ತಿಂಗಳಿಗೇ ಅದರ ಮುಂದೆ ಕಾಲೆತ್ತಿ ನಿಲ್ಲುತ್ತದೆ, ಆ ಗುಣ ರಕ್ತದಲ್ಲೇ ಇದೆ. ದೊಡ್ಡದಾದ ಮೇಲೆ ಗರಿ ಹೊಲಿದ ಕ್ಯಾನ್ವಾಸ್ ಡಮ್ಮಿಯನ್ನು ಹುಲ್ಲಿನಲ್ಲಿ ಬಚ್ಚಿಟ್ಟರೆ ಹುಡುಕಿ ತರುತ್ತದೆ. ಆ ಹುಡುಗನಿಗೂ ಇದನ್ನೇ ಹೇಳಿ ಕಳಿಸಿದೆ.

ಬೋರ್‌ವೆಲ್ ಬಂದಮೇಲೆ ತೆರೆದ ಬಾವಿಗಳು ಬತ್ತಿದವು, ಎಷ್ಟೋ ಮುಚ್ಚಿಹೋದವು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ತೋಟಗಳಲ್ಲಿ ಹಳೆಯ ಬಾವಿ ಉಳಿಸಿಕೊಂಡಿರುವ ರೈತಬಂಧುಗಳೇ, ಸಂಜೆ ಬಲೆ ಹೊತ್ತು ಬಂದವರಿಗೆ ನಿಮ್ಮ ಬಾವಿಯ ದಾರಿ ತೋರಿಸಬೇಡಿ.